ಸ್ಟ್ಯಾಮ್‌ಫರ್ಡಿನ ದನಗಾಹಿಗಳ ಉತ್ಸವ ಮತ್ತು ತರುಣಿಯರ ಸ್ಪರ್ಧೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದ ಊರುಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ‘ರೋಡಿಯೊ’ ಎಂಬ ಪಂದ್ಯೋತ್ಸವವು ಮೂಲತಃ ಆಟವಲ್ಲ, ಕಸಬು. ಸುತ್ತುವರಿಯುವುದು ಎಂಬರ್ಥದ ಸ್ಪ್ಯಾನಿಷ್ ಧಾತುವಿನಿಂದ ಈ ಪದವು ನಿಷ್ಪನ್ನವಾಗಿದೆ. ಬಯಲಿನಲ್ಲಿ ಚದುರಿದ ದನಗಳನ್ನು ಸುತ್ತುವರಿದು ಒಂದೆಡೆ ಕೂಡಿಸುವ ಕಾರ್ಯಕ್ಕೆ ಮೊದಲು ಈ ಹೆಸರಿದ್ದಿತು. ಓಡುವ ಕರುವಿಗೆ ಕುದುರೆಯ ಮೇಲಿನಿಂದ ಕುಣಿಕೆ ಎಸೆಯುವುದು, ಪಳಗದ ಕುದುರೆಯನ್ನೇರಿ ಬೀಳದೆ ಕುಳಿತಿರುವುದು, ಇವು ದನಗಾಹಿಯ ನಿತ್ಯದ ಕೆಲಸಗಳಾಗಿದ್ದುವು. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬಾತನ ಮುಳ್ಳುತಂತಿಗೆ ಹಕ್ಕುಪತ್ರ ದೊರೆಯಿತು. ಅನಂತರದ ವರ್ಷಗಳಲ್ಲಿ ಬಯಲಿಗೆ ಬೇಲಿ ಬಿದ್ದಿತು, ರೈಲುಮಾರ್ಗ ಹಬ್ಬಿತು. ದನದ ಹಿಂಡನ್ನು ನೂರಾರು ಮೈಲಿ ನಡೆಸಿಕೊಂಡು ಹೋಗುವ ಕೆಲಸ ನಿಂತಿತು. ಕಸಬು ಕುಗ್ಗಿದಂತೆಲ್ಲ ಅದರ ಕೌಶಲವು ಪಂದ್ಯದ ಕಣವನ್ನು ಸೇರಿತು.

ಟೆಕ್ಸಸ್ ಸಂಸ್ಥಾನದ ಸ್ಟ್ಯಾಮ್‌ಫರ್ಡ್ ಇಂತಹ ಸಣ್ಣ ಊರುಗಳಲ್ಲಿ ಒಂದು. ಆಬಿಲೀನ್ ನಗರದ ಉತ್ತರಕ್ಕೆ, ಸ್ವೀಡನ್ ಮೂಲದ ಸ್ವೆನ್ಸನ್ ಮನೆತನದವರ ವಿಶಾಲವಾದ ಹುಲ್ಲುಗಾವಲಿನ ನೆಲದಲ್ಲಿ, 1900ರ ಸುಮಾರಿಗೆ ರೈಲುಮಾರ್ಗದೊಡನೆ ಈ ಊರು ಹುಟ್ಟಿಕೊಂಡಿತು. 1930ರಲ್ಲಿ, ಮಹಾ ಆರ್ಥಿಕ ಮುಗ್ಗಟ್ಟಿನ ಆರಂಭಕಾಲದಲ್ಲಿ, ಇಲ್ಲಿನ ವರ್ತಕರು ಸೇರಿ ‘ಟೆಕ್ಸಸ್ ಕೌಬಾಯ್ ರಿಯೂನಿಯನ್’ ಎಂಬ ಉತ್ಸವವನ್ನು ಸ್ಥಾಪಿಸಿದರು. ಕುಗ್ಗಿದ ಜನರ ಮನಸ್ಸಿಗೆ ಚೇತರಿಕೆ ತರುವುದು, ಮರೆಯಾಗುತ್ತಿದ್ದ ದನಗಾಹಿ ಜೀವನದ ನೆನಪನ್ನು ಉಳಿಸುವುದು, ಇವೆರಡು ಅದರ ಉದ್ದೇಶಗಳು. ಜುಲೈ 4ರ ಸ್ವಾತಂತ್ರ್ಯದಿನದ ಸುಮಾರಿಗೆ ನಡೆಯುವ ಈ ಉತ್ಸವದಲ್ಲಿ ಹಣಕ್ಕಾಗಿ ಊರೂರು ಸುತ್ತುವ ಪಂದ್ಯಗಾರರಿಗಿಂತ ದನಗಾವಲುಗಳಲ್ಲಿ ದುಡಿಯುವ ಕೆಲಸಗಾರರಿಗೇ ಪ್ರಾಶಸ್ತ್ಯ. ಮುಪ್ಪಡರಿದ ದನಗಾಹಿಗಳಿಗೆ ಪ್ರತ್ಯೇಕವಾದ ಗೌರವವೂ ಸಲ್ಲುತ್ತಿತ್ತು.

ಹಳೆಯದನ್ನು ಕಾಪಾಡಲೆಂದು ಹುಟ್ಟಿದ ಈ ಉತ್ಸವದಿಂದಲೇ ಒಂದು ಹೊಸ ಸ್ಪರ್ಧೆ ಹೊರಬಂದುದು ಗಮನಾರ್ಹವಾದ ಸಂಗತಿ. ಅದನ್ನು ಅರಿಯಬೇಕಾದರೆ ಅದಕ್ಕೆ ಹಿಂದಿನ ಒಂದು ದುರಂತವನ್ನು ನೆನೆಯಬೇಕು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸ್ತ್ರೀಯರೂ ಪಳಗದ ಕುದುರೆಗಳನ್ನೇರಿ ಸ್ಪರ್ಧಿಸುತ್ತಿದ್ದರು. 1929ರ ಸೆಪ್ಟೆಂಬರಿನಲ್ಲಿ ಆರಿಗನ್ ಸಂಸ್ಥಾನದ ಪೆಂಡಲ್‌ಟನ್ ಉತ್ಸವದಲ್ಲಿ ಬಾನಿ ಮ್ಯಾಕರಲ್ ಎಂಬಾಕೆ ಕುದುರೆಯಿಂದ ಉರುಳಿದಳು. ಕಾಲು ರಿಕಾಪಿನಲ್ಲಿ ಸಿಕ್ಕಿ ತೀವ್ರವಾಗಿ ಗಾಯಗೊಂಡು, ಕೆಲದಿನಗಳಲ್ಲೇ ತೀರಿಕೊಂಡಳು. ಪೆಂಡಲ್‌ಟನ್ನಿನವರು ಸ್ತ್ರೀಯರ ಆ ಸ್ಪರ್ಧೆಯನ್ನು ಕೈಬಿಟ್ಟರು. ಅದೇ ವರ್ಷ ರೂಪುಗೊಂಡ ಉತ್ಸವ ವ್ಯವಸ್ಥಾಪಕರ ಸಂಘವು ಸ್ತ್ರೀಯರ ಯಾವ ಪಂದ್ಯವನ್ನೂ ತನ್ನ ಪಟ್ಟಿಗೆ ಸೇರಿಸಲಿಲ್ಲ. ಕಣದಲ್ಲಿ ಸತ್ತ ಪುರುಷರೂ ಇದ್ದರು. ಆದರೆ ಅವರ ಪಂದ್ಯಗಳು ಅದರಿಂದ ನಿಲ್ಲಲಿಲ್ಲ.

ಹೀಗೆ ಮುಚ್ಚುತ್ತಿದ್ದ ಬಾಗಿಲು 1931ರಲ್ಲಿ ಸ್ಟ್ಯಾಮ್‌ಫರ್ಡಿನಲ್ಲಿ ಬೇರೊಂದು ಬಗೆಯಿಂದ ತೆರೆಯಿತು. ಸುತ್ತಣ ಊರುಗಳು ತಲಾ ಒಬ್ಬ ತರುಣಿಯನ್ನು ತಮ್ಮ ಪ್ರತಿನಿಧಿಯಾಗಿ ಕಳುಹಿಸಬೇಕೆಂದು ವ್ಯವಸ್ಥಾಪಕರು ಕೋರಿದರು. ಈ ಪ್ರತಿನಿಧಿಗಳಿಗೆ ‘ಸ್ಪಾನ್ಸರ್’ ಎಂದು ಹೆಸರು. ಮೆರವಣಿಗೆಗೆ ಶೋಭೆ ತರುವುದು ಇವರ ಮುಖ್ಯ ಕೆಲಸ. ಬಹುಮಾನವನ್ನು ನಿರ್ಣಯಿಸುವಾಗ ಕುದುರೆಯ ಲಕ್ಷಣ, ತರುಣಿಯ ಉಡುಪಿನ ಚೆಲುವು, ಸವಾರಿಯ ಜಾಣ್ಮೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಆದರೆ ಬಂದವರಲ್ಲಿ ಹಲವರು ದನಗಾವಲುಗಳಲ್ಲೇ ಬೆಳೆದವರು, ಬಾಲ್ಯದಿಂದ ಜೀನಿನ ಮೇಲೆ ಕುಳಿತವರು. ಸವಾರಿಯನ್ನು ಪರೀಕ್ಷಿಸಲೆಂದು ಕಣದಲ್ಲಿ ಪೀಪಾಯಿಗಳನ್ನಿರಿಸಿದರು. ಅವುಗಳನ್ನು ಬಳಸಿ ಕುದುರೆಯೋಡಿಸುವುದೇ ಕ್ರಮೇಣ ಪಂದ್ಯದ ತಿರುಳಾಯಿತು. ತ್ರಿಕೋನಾಕಾರದಲ್ಲಿರಿಸಿದ ಮೂರು ಪೀಪಾಯಿಗಳನ್ನು ಸುತ್ತಿ ಹಿಂದಿರುಗಬೇಕು. ಒಂದನ್ನು ಉರುಳಿಸಿದರೆ ಕಾಲಕ್ಕೆ 5 ಸೆಕೆಂಡು ಕೂಡುತ್ತದೆ. ಕಾಲಾಂತರದಲ್ಲಿ ಉಡುಪಿನ ಅಂಕ ಬಿದ್ದುಹೋಯಿತು. ಗಡಿಯಾರವೊಂದೇ ತೀರ್ಪುಗಾರನಾಗಿ ಉಳಿಯಿತು.

1948ರಲ್ಲಿ ಟೆಕ್ಸಸ್ಸಿನ ಸ್ಯಾನ್ ಆ್ಯಂಜಲೊದಲ್ಲಿ 38 ಮಂದಿ ಸ್ತ್ರೀಯರು ಸಭೆ ಸೇರಿ, ತಮ್ಮ ಪಂದ್ಯಗಳಿಗೆ ತಾವೇ ನಿಯಮ ವಿಧಿಸುವ ಸಂಘವೊಂದನ್ನು ಕಟ್ಟಿದರು. ಕ್ರೀಡಾಜಗತ್ತಿನಲ್ಲಿ ಸ್ತ್ರೀಯರೇ ನಡೆಸಿದ ಸಂಘಗಳಲ್ಲಿ ಇದು ಬಹು ಮೊದಲಿನದು. ಇದಕ್ಕೆ ಒಂದು ವರ್ಷ ಮುಂಚೆ, 1947ರಲ್ಲಿ, ಅದೇ ಸಂಸ್ಥಾನದ ಹ್ಯಾಲೆಟ್ಸ್‌ವಿಲ್ ಎಂಬ ಊರಿನಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ಪಂದ್ಯೋತ್ಸವವೂ ಮೊದಲುಗೊಂಡಿತ್ತು. ಅಲ್ಲಿಂದ ಬೆಳೆದ ವಿದ್ಯಾರ್ಥಿ ಸಂಘಟನೆಯು ಕಣಕ್ಕಿಳಿಯುವವರು ಓದಿನಲ್ಲಿಯೂ ಹಿಂದೆ ಬೀಳಬಾರದೆಂದು ವಿಧಿಸಿದೆ.

ಈ ಪರಂಪರೆಯ ಫಲವು 1984ರಲ್ಲಿ ಸ್ಪಷ್ಟವಾಗಿ ಗೋಚರಿಸಿತು. ನ್ಯೂ ಮೆಕ್ಸಿಕೊ ಸಂಸ್ಥಾನದ ಕ್ಲೇಟನ್ ಎಂಬ ಪುಟ್ಟ ಊರಿನ ಶಾರ್ಮೇನ್ ಜೇಮ್ಸ್, 14ನೆಯ ವಯಸ್ಸಿನಲ್ಲಿ, ಪೀಪಾಯಿ ಓಟದ ವಿಶ್ವ ಪ್ರಶಸ್ತಿಯನ್ನು ಗೆದ್ದಳು. 1993ರವರೆಗೆ ಸತತವಾಗಿ ಹತ್ತು ವರ್ಷ ಆ ಪ್ರಶಸ್ತಿ ಅವಳದಾಯಿತು. 1985ರ ರಾಷ್ಟ್ರೀಯ ಅಂತಿಮ ಪಂದ್ಯದ ಒಂದು ಸುತ್ತಿನಲ್ಲಿ ಅವಳ ಕುದುರೆ ಸ್ಕ್ಯಾಂಪರಿನ ಕಡಿವಾಣ ಕಳಚಿಹೋಯಿತು. ಕಡಿವಾಣವಿಲ್ಲದೆಯೇ ಓಟವನ್ನು ಮುಗಿಸಿ ಅವಳು ಆ ಸುತ್ತನ್ನು ಗೆದ್ದಳು. ಅಂತಿಮ ಪಂದ್ಯಗಳಲ್ಲಿ 1 ಎಂಬ ಅಂಕಿಯ ಬೆನ್ನುಪಟ್ಟಿ ಆ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಗಳಿಸಿದವರಿಗೆ ಸಲ್ಲುತ್ತದೆ. 1987ರಲ್ಲಿ ಅದನ್ನು ಧರಿಸಿದವಳು ಇವಳೇ. ಅದುವರೆಗೆ ಯಾವ ಸ್ತ್ರೀಗೂ ಆ ಮಾನ ದೊರೆತಿರಲಿಲ್ಲ.

ಸ್ಟ್ಯಾಮ್‌ಫರ್ಡಿನ ವರ್ತಕರು 1931ರಲ್ಲಿ ಬಯಸಿದ್ದು ಮೆರವಣಿಗೆಗೆ ಒಂದಿಷ್ಟು ಶೋಭೆಯನ್ನು ಮಾತ್ರ. ಅವರು ಕರೆದ ತರುಣಿಯರಿಗೆ ಸವಾರಿ ಬರುತ್ತಿತ್ತು. ಆಮೇಲಿನ ಇತಿಹಾಸವೆಲ್ಲ ಅದರಿಂದಲೇ ಬೆಳೆಯಿತು.