ಗೋಧಿ ಒಗ್ಗದ ಮಕ್ಕಳು ಮತ್ತು ಪೊಟ್ಟಣದ ಮೇಲಿನ ಒಂದು ಸಾಲು



ಬೆಳಗಾವಿಯ ಸದಾಶಿವನಗರದ ಯಾವುದಾದರೊಂದು ಕಿರಾಣಿ ಅಂಗಡಿಯಲ್ಲಿ ನೀವು ನಿಂತಿರುವಿರೆಂದು ಭಾವಿಸಿಕೊಳ್ಳಿ. ಕೈಯಲ್ಲಿ ಇಂಗಿನ ಪುಟ್ಟ ಡಬ್ಬಿಯಿದೆ. ಸಾರಿನ ಒಗ್ಗರಣೆಗೆ, ಉಪ್ಪಿನಕಾಯಿಗೆ, ಮಜ್ಜಿಗೆಗೆ ಒಂದು ಚಿಟಿಕೆ ಹಾಕುವ ವಸ್ತು ಅದು. ಅದರಲ್ಲಿ ಏನೇನು ಬೆರೆತಿದೆಯೆಂದು ನಮ್ಮಲ್ಲಿ ಯಾರೂ ಓದಲು ಹೋಗುವುದಿಲ್ಲ. ಅಪ್ಪಟ ಇಂಗು ಬಹಳ ತೀಕ್ಷ್ಣವಾದುದು. ಆದುದರಿಂದ ಮಾರುಕಟ್ಟೆಯ ಇಂಗಿಗೆ ಗೋಂದು ಮತ್ತು ಹಿಟ್ಟನ್ನು ಬೆರೆಸಿರುತ್ತಾರೆ. ಆ ಹಿಟ್ಟು ಅನೇಕ ವೇಳೆ ಗೋಧಿಯದೇ ಆಗಿರುತ್ತದೆ. ನಮಗೆ ನಿಮಗೆ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ಸೀಲಿಯಾಕ್ ರೋಗವಿರುವ ಮಗುವಿನ ತಾಯಿ ಮನೆಯಿಂದ ಗೋಧಿಯನ್ನು ಪೂರ್ಣವಾಗಿ ಹೊರಗಿಟ್ಟು, ಅನ್ನ-ಸಾರನ್ನೇ ಉಣಿಸಿದರೂ ಆ ಚಿಟಿಕೆಯ ಮೂಲಕ ಗೋಧಿ ಮಗುವಿನ ತಟ್ಟೆಗೆ ಬಂದು ಸೇರುತ್ತದೆ. ಅವಳನ್ನು ಎಚ್ಚರಿಸಬಲ್ಲದ್ದು ಡಬ್ಬಿಯ ಮೇಲಿನ ಒಂದು ಸಾಲು ಮಾತ್ರ. ಆ ಸಾಲಿಗೆ ದೀರ್ಘವಾದ ಚರಿತ್ರೆಯಿದೆ. ಅದನ್ನು ಬಲ್ಲವರು ಅದನ್ನು ಹಗುರವಾಗಿ ಕಾಣಲಾರರು.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಸಸಾರಜನಕವಿದೆ. ಕಣಕಕ್ಕೆ ಜಿಗುಟುತನ ಬರುವುದು, ಚಪಾತಿ ಹರಿಯದೆ ಹಿಗ್ಗುವುದು ಇದರಿಂದಲೇ. ಹುಟ್ಟಿನಿಂದಲೇ ಕೆಲವು ವಂಶವಾಹಿಗಳನ್ನು ಪಡೆದವರಲ್ಲಿ ಕೆಲವರ ಶರೀರಕ್ಕೆ ಇದು ಒಗ್ಗುವುದಿಲ್ಲ. ಗ್ಲುಟೆನ್ ಹೊಟ್ಟೆ ಸೇರಿದಾಗ ಅವರ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರದ ಮೇಲೆರಗುತ್ತದೆ. ಆಹಾರದ ಸಾರವನ್ನು ಹೀರುವ ಸೂಕ್ಷ್ಮ ಎಳೆಗಳು ಸವೆದು ಹೋಗುತ್ತವೆ. ಮಗು ಉಂಡರೂ ಮೈಗೆ ಹತ್ತುವುದಿಲ್ಲ. ಭೇದಿ, ಉಬ್ಬಿದ ಹೊಟ್ಟೆ, ರಕ್ತಹೀನತೆ, ಕುಂಠಿತ ಬೆಳವಣಿಗೆ ಇದರ ಲಕ್ಷಣಗಳು. ಇದನ್ನು ಗುಣಪಡಿಸುವ ಗುಳಿಗೆಯಿಲ್ಲ. ಜೀವನಪರ್ಯಂತ ಗ್ಲುಟೆನ್ ಇಲ್ಲದ ಆಹಾರವೊಂದೇ ಮದ್ದು. ಹಾಗೆ ಉಂಡರೆ ಮಗು ಎಲ್ಲರಂತೆ ಬೆಳೆಯುತ್ತದೆ.

ಇಷ್ಟನ್ನು ತಿಳಿಯಲು ಮನುಕುಲಕ್ಕೆ ಸುಮಾರು ಹದಿನೆಂಟು ಶತಮಾನಗಳು ಬೇಕಾದವು. ಕಪ್ಪದೋಕಿಯದ ಗ್ರೀಕ್ ವೈದ್ಯ ಅರೆಟೇಯಸ್, ಕ್ರಿಸ್ತಶಕದ ಆರಂಭದ ಶತಮಾನಗಳಲ್ಲೇ ಉಂಡದ್ದು ಜೀರ್ಣವಾಗದೆ ಸೊರಗುವ ರೋಗಿಗಳ ಬಗ್ಗೆ ಬರೆದಿದ್ದನು. ಹೊಟ್ಟೆಗೆ ಸಂಬಂಧಿಸಿದ ಗ್ರೀಕ್ ಪದದಿಂದಲೇ ಇಂದಿನ ಹೆಸರು ಬಂದಿದೆ. 1888ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ ಮಕ್ಕಳಲ್ಲಿ ಈ ರೋಗವನ್ನು ವಿಶದವಾಗಿ ವರ್ಣಿಸಿದರು. ಗುಣವಾಗುವುದಾದರೆ ಅದು ಪಥ್ಯದಿಂದಲೇ ಎಂದು ಅವರು ಸರಿಯಾಗಿಯೇ ಊಹಿಸಿದ್ದರು. ಆದರೆ ಯಾವ ಪಥ್ಯ? ಅವರು ಅಕ್ಕಿಯನ್ನು ನಿಷೇಧಿಸಿ, ತೆಳುವಾಗಿ ಕತ್ತರಿಸಿ ಸುಟ್ಟ ರೊಟ್ಟಿಗೆ ಅನುಮತಿ ಕೊಟ್ಟರು. ಮಗುವನ್ನು ಉಳಿಸಬಹುದಾಗಿದ್ದ ಅನ್ನ ದೂರವಾಯಿತು, ರೋಗಕ್ಕೆ ಕಾರಣವಾದ ಗೋಧಿ ತಟ್ಟೆಯಲ್ಲೇ ಉಳಿಯಿತು. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಮಕ್ಕಳು ಚೇತರಿಸಿಕೊಂಡರು. ಬಾಳೆಹಣ್ಣಿನಲ್ಲಿ ಔಷಧಿಯ ಗುಣವಿದೆಯೆಂದು ಜನ ನಂಬಿದರು. ಆ ಪಥ್ಯದಲ್ಲಿ ರೊಟ್ಟಿ ಇರಲಿಲ್ಲವೆಂಬುದರ ಮಹತ್ವ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ನೆದರ್ಲೆಂಡ್ಸಿನ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ ಅವರಿಗೆ. 1930ರ ದಶಕದಲ್ಲಿ ಒಬ್ಬ ತಾಯಿ, ರೊಟ್ಟಿ ನಿಲ್ಲಿಸಿದರೆ ತನ್ನ ಮಗುವಿನ ಮೈಮೇಲಿನ ದದ್ದು ಕಡಿಮೆಯಾಗುತ್ತದೆಂದು ಅವರಿಗೆ ಹೇಳಿದಳೆಂದು ವೈದ್ಯಚರಿತ್ರೆಯಲ್ಲಿ ದಾಖಲಾಗಿದೆ. ವೈದ್ಯರು ಆ ಮಾತನ್ನು ತಳ್ಳಿಹಾಕಲಿಲ್ಲ. ಗೋಧಿಯಿಲ್ಲದ ಪಥ್ಯವನ್ನು ಪ್ರಯೋಗಿಸತೊಡಗಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. 1944-45ರ ಚಳಿಗಾಲದಲ್ಲಿ ಆ ದೇಶದ ಪಶ್ಚಿಮ ಭಾಗದಲ್ಲಿ ಭೀಕರ ಕ್ಷಾಮ ತಲೆದೋರಿತು. ರೊಟ್ಟಿ ಸಿಗದೆ ಜನ ಟ್ಯುಲಿಪ್ ಹೂವಿನ ಗಡ್ಡೆಗಳನ್ನು ಬೇಯಿಸಿ ತಿಂದರು. ಊರೆಲ್ಲ ಹಸಿವಿನಿಂದ ಬಳಲುತ್ತಿದ್ದಾಗ ಡಿಕ್ಕೆಯವರ ಸೀಲಿಯಾಕ್ ಮಕ್ಕಳ ಸ್ಥಿತಿ ಸುಧಾರಿಸಿತು. ಪುನಃ ರೊಟ್ಟಿ ದೊರೆತಾಗ ಅದೇ ಮಕ್ಕಳು ಮತ್ತೆ ಕಾಯಿಲೆ ಬಿದ್ದರು. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಅವರು ಗೋಧಿಯೇ ಕಾರಣವೆಂದು ತೋರಿಸಿದರು. ಬಳಿಕ ಅವರೂ ಸಂಗಡಿಗರಾದ ವ್ಯಾನ್ ಡೆ ಕಾಮರ್ ಮತ್ತು ವೈಯರ್ಸ್ ಅವರೂ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ವೈದ್ಯರೂ ಗೋಧಿಯೊಳಗಿನ ಗ್ಲುಟೆನ್ನೇ ಅಪರಾಧಿಯೆಂದು ಖಚಿತಪಡಿಸಿದರು.

ನಮ್ಮ ದೇಶದಲ್ಲಿ ಇದು ಬಹುಕಾಲ ಪಾಶ್ಚಾತ್ಯರ ರೋಗವೆಂದೇ ಎಣಿಸಲ್ಪಟ್ಟಿತ್ತು. 1966ರಲ್ಲಿ ಉತ್ತರ ಭಾರತದ ಮಕ್ಕಳಲ್ಲಿ ಇದು ಇರುವುದನ್ನು ನಮ್ಮ ವೈದ್ಯರೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. 2011ರಲ್ಲಿ ದೆಹಲಿ ಪ್ರದೇಶದ ಸಮೀಕ್ಷೆಯೊಂದು ಸುಮಾರು 96 ಜನರಲ್ಲಿ ಒಬ್ಬರಿಗೆ ಈ ರೋಗವಿದೆಯೆಂದು ಕಂಡುಕೊಂಡಿತು. ಹಾಗಾದರೆ ದಕ್ಷಿಣದವರಾದ ನಮಗೆ ಚಿಂತೆಯಿಲ್ಲವೇ? 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ, ಈಶಾನ್ಯ ಹಾಗೂ ದಕ್ಷಿಣ ಭಾರತದ 23,331 ವಯಸ್ಕರನ್ನು ಪರೀಕ್ಷಿಸಿತು. ರೋಗವನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇಕಡಾ 1.23ರಷ್ಟು ಜನರ ರಕ್ತದಲ್ಲಿದ್ದರೆ, ದಕ್ಷಿಣದಲ್ಲಿ ಕೇವಲ ಶೇಕಡಾ 0.10ರಷ್ಟು ಜನರಲ್ಲಿದ್ದವು. ಆದರೆ ರೋಗಕ್ಕೆ ಎಡೆಗೊಡುವ ವಂಶವಾಹಿಗಳು ಉತ್ತರದಲ್ಲಿ ಶೇಕಡಾ 38.1, ದಕ್ಷಿಣದಲ್ಲಿ ಶೇಕಡಾ 36.4, ಹೆಚ್ಚು ಕಡಿಮೆ ಸಮವೇ! ವ್ಯತ್ಯಾಸವಿದ್ದದ್ದು ಊಟದಲ್ಲಿ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ಉಣ್ಣುತ್ತಿದ್ದರೆ ದಕ್ಷಿಣದವರು 25 ಗ್ರಾಂ ಉಣ್ಣುತ್ತಿದ್ದರು. ನಮ್ಮನ್ನು ಇಷ್ಟು ಕಾಲ ಕಾಪಾಡಿದ್ದು ನಮ್ಮ ರಕ್ತವಲ್ಲ, ನಮ್ಮ ಹಿರಿಯರ ಊಟವೆಂದು ಈ ಅಂಕಿಗಳಿಂದ ಊಹಿಸಬಹುದು.

ಆ ಊಟ ಯಾವುದೆಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ಖಾನಾಪುರದ ಕಡೆ ಅನ್ನ, ಮೂಡಣ ಬಯಲುಸೀಮೆಯ ಕಡೆ ಜೋಳದ ರೊಟ್ಟಿ. ಅಕ್ಕಿ, ಜೋಳ, ರಾಗಿ, ಸಜ್ಜೆ, ನವಣೆ, ಇವು ಯಾವುದರಲ್ಲೂ ಈ ಮಕ್ಕಳಿಗೆ ಹಾನಿ ಮಾಡುವ ಗ್ಲುಟೆನ್ ಇಲ್ಲ. ಗೋಧಿಯೂ ನಮಗೆ ಹೊಸದಲ್ಲ. ಮದುವೆಯ ಮಂಡಿಗೆ, ಹಬ್ಬದ ಹೋಳಿಗೆ, ಶಾವಿಗೆಯ ಪಾಯಸ, ಕ್ರಿಸ್ಮಸ್ಸಿನ ನೆವ್ರಿ, ಕುಲ್‌ಕುಲ್ ಇವೆಲ್ಲ ಅದರಿಂದಲೇ ಆದವು. ಆದರೆ ಹಬ್ಬಕ್ಕೊಮ್ಮೆ ಬರುತ್ತಿದ್ದ ಗೋಧಿ ಇಂದು ಪಾವ್, ಬಿಸ್ಕೀಟು, ನೂಡಲ್ಸ್, ರವೆ ಉಪ್ಪಿಟ್ಟುಗಳಾಗಿ ದಿನವೂ ಬರುತ್ತಿದೆ. ಇಂಗು, ಸೋಯಾ ಸಾಸ್, ಮಾಲ್ಟ್ ಪೇಯಗಳಲ್ಲಿ ಗೋಧಿಯೋ ಬಾರ್ಲಿಯೋ ಕಣ್ಣಿಗೆ ಬೀಳದಂತೆಯೂ ಬರುತ್ತಿದೆ. ನಮ್ಮ ಭಾಗದ ಖಪ್ಲಿ ಗೋಧಿ ನಿರಪಾಯಕಾರಿಯೆಂದು ಕೆಲವರು ನಂಬಿದ್ದಾರೆ. ಅದೂ ಗೋಧಿಯೇ, ಅದರಲ್ಲೂ ಗ್ಲುಟೆನ್ ಇದೆ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ, ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಜೋಳದ ಹಿಟ್ಟಿನೊಂದಿಗೆ ಮನೆಗೆ ಬರುತ್ತದೆ.

ಹೀಗೆ ಗೋಧಿ ಮರೆಯಾಗಿ ಸಂಚರಿಸುವಾಗ ಅದರ ಹೆಸರನ್ನು ಬರೆಯಿಸುವುದೇ ಕಾನೂನಿನ ಕರ್ತವ್ಯವಾಯಿತು. ಅಂತಾರಾಷ್ಟ್ರೀಯ ಆಹಾರ ಮಾನದಂಡಗಳನ್ನು ರೂಪಿಸುವ ಕೋಡೆಕ್ಸ್ ಆಯೋಗವು 1979ರಲ್ಲಿಯೇ ಗ್ಲುಟೆನ್ ರಹಿತ ಆಹಾರಕ್ಕೆ ಮಾನದಂಡವನ್ನು ರಚಿಸಿ, 2008ರಲ್ಲಿ ಅದನ್ನು ಬಿಗಿಗೊಳಿಸಿತು. ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಗ್ಲುಟೆನ್, ಅದಕ್ಕಿಂತ ಹೆಚ್ಚಿರಬಾರದು. ಯುರೋಪಿನ ಒಕ್ಕೂಟ 2003ರಲ್ಲಿ ಗ್ಲುಟೆನ್ ಇರುವ ಧಾನ್ಯಗಳ ಹೆಸರನ್ನೂ, ಅಮೆರಿಕ 2004ರ ಕಾಯಿದೆಯಿಂದ ಗೋಧಿಯ ಹೆಸರನ್ನೂ ಪೊಟ್ಟಣದ ಮೇಲೆ ಕಡ್ಡಾಯಗೊಳಿಸಿದವು. ನಮ್ಮಲ್ಲಿಯೂ ‘ಗ್ಲುಟೆನ್ ರಹಿತ’ ಎಂಬ ಹೆಸರಿಗೆ ಅದೇ 20 ಮಿಲಿಗ್ರಾಂ ಮಿತಿಯಿದೆ. 2020ರಲ್ಲಿ ಹೊರಡಿಸಿ ಮುಂದೆ ಜಾರಿಗೆ ತಂದ ಲೇಬಲ್ ನಿಯಮಗಳು, ಗೋಧಿ, ಬಾರ್ಲಿ, ರೈ, ಓಟ್ಸ್‌ಗಳನ್ನು ಬಳಸಿದ್ದರೆ ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ತಿಳಿಸಬೇಕೆಂದು ವಿಧಿಸಿವೆ. ಇದು ನಿಜಕ್ಕೂ ಸ್ವಾಗತಾರ್ಹ.

ಆದರೆ ಕಾನೂನು ಬಂದೊಡನೆ ಸಮಸ್ಯೆ ಮುಗಿಯಿತೆಂದು ತಿಳಿಯಬೇಡಿ. ಲೇಬಲ್ಲಿನ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿದ್ದರೆ ಸಾಕು, ಕನ್ನಡ ಕಡ್ಡಾಯವಲ್ಲ. ಖಾನಾಪುರದ ಹಳ್ಳಿಯ ತಾಯಿ ತನ್ನ ಮಗುವಿನ ಆರೋಗ್ಯವನ್ನು ನಿರ್ಧರಿಸುವ ಆ ಸಾಲನ್ನು ಓದುವುದಾದರೂ ಹೇಗೆ? ಮೇಲ್ಮೈ 100 ಚದರ ಸೆಂಟಿಮೀಟರನ್ನು ಮೀರದ ಸಣ್ಣ ಪೊಟ್ಟಣಗಳಿಗೆ ಪದಾರ್ಥಗಳ ಪಟ್ಟಿಯಿಂದಲೇ ವಿನಾಯಿತಿಯಿದೆ. ಬಡವರು ಕೊಳ್ಳುವುದು ಅಂಥ ಚಿಕ್ಕ ಪೊಟ್ಟಣಗಳನ್ನೇ ಅಲ್ಲವೇ? ಒಂದೇ ಯಂತ್ರದಲ್ಲಿ ಗೋಧಿಯ ಪದಾರ್ಥವೂ ತಯಾರಾಗಿ ಬೆರಕೆಯಾಗುವ ಸಂಭವವಿದ್ದರೆ, ಅದನ್ನು ತಿಳಿಸುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಬೇಕರಿಯ ಗಾಜಿನ ಕಪಾಟಿನಲ್ಲಿರುವ, ಬಿಡಿಯಾಗಿ ತೂಗಿ ಕೊಡುವ ತಿನಿಸಿಗಂತೂ ಪೊಟ್ಟಣವೇ ಇಲ್ಲ.

ಆದುದರಿಂದ ನಾವು ಕೇಳಬೇಕಾದ್ದು ಇಷ್ಟು: ಆ ಸಾಲು ಕನ್ನಡದಲ್ಲಿಯೂ ಇರಲಿ. ಎಷ್ಟೇ ಚಿಕ್ಕ ಪೊಟ್ಟಣವಾದರೂ ಅದಕ್ಕೆ ವಿನಾಯಿತಿ ಬೇಡ. ಬೆರಕೆಯ ಸಂಭವವನ್ನು ತಿಳಿಸುವುದು ಕಡ್ಡಾಯವಾಗಲಿ. ಬಿಡಿ ತಿನಿಸಿನ ಮುಂದೆ ಒಂದು ಚಿಕ್ಕ ಫಲಕವಿರಲಿ. ಸಸ್ಯಾಹಾರವನ್ನು ಸೂಚಿಸುವ ಹಸಿರು ಚುಕ್ಕೆಯನ್ನು ಎರಡು ದಶಕಗಳಿಂದ ನೋಡುತ್ತಿದ್ದೇವೆ. ಅಕ್ಷರ ಬಾರದವರೂ ಅದನ್ನು ಗುರುತಿಸಬಲ್ಲರು. ಜನರ ಆಚಾರವನ್ನು ಗೌರವಿಸಿ ಅಂಥ ಚಿಹ್ನೆಯನ್ನು ಕಡ್ಡಾಯಗೊಳಿಸಿದ ದೇಶಕ್ಕೆ, ಮಗುವಿನ ಕರುಳನ್ನು ಕಾಯುವ ಗೋಧಿಯ ಚಿಹ್ನೆಯೊಂದು ಅಸಾಧ್ಯವೇನಲ್ಲ. ವ್ಯಾಪಾರಿಗಳಿಗೆ ಇದರಿಂದ ಕೊಂಚ ಖರ್ಚು ಬರಬಹುದು. ಇಂಥ ಮಕ್ಕಳು ಎಷ್ಟು ಜನರಿದ್ದಾರೆಂದು ಕೆಲವರು ಪ್ರಶ್ನಿಸಲೂಬಹುದು. ಆದರೆ ಇತರ ರೋಗಿಗಳಿಗೆ ಔಷಧಿಯಿದೆ; ಈ ಮಕ್ಕಳಿಗೆ ಆಹಾರವೇ ಔಷಧಿ. ಏನಿದೆಯೆಂದು ತಿಳಿಸದ ಔಷಧಿಯನ್ನು ನಾವು ಯಾವ ಮಗುವಿಗೂ ಕುಡಿಸಲಾರೆವು.

ಈ ಮಾತು ನಮ್ಮ ದೇವಾಲಯದ ಪೀಠದವರೆಗೂ ಬರುತ್ತದೆ. ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಿರಬೇಕೆಂಬುದು ಧರ್ಮಸಭೆಯ ನಿಯಮ. ಹಾಗಾದರೆ ಸೀಲಿಯಾಕ್ ಇರುವ ಮಗು ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸುವುದೆಂತು? ರೋಮಿನ ವಿಶ್ವಾಸ ಸಿದ್ಧಾಂತ ಪರಿಷತ್ತು 2003ರ ಪತ್ರದಲ್ಲಿ ಇದನ್ನು ಸ್ಪಷ್ಟಪಡಿಸಿತು. ಗ್ಲುಟೆನ್ ಪೂರ್ಣವಾಗಿ ಇಲ್ಲದ ರೊಟ್ಟಿ ಸಲ್ಲದು. ಅತ್ಯಲ್ಪ ಗ್ಲುಟೆನ್ ಇರುವ ಗೋಧಿ ರೊಟ್ಟಿ ಸಲ್ಲುತ್ತದೆ. ಅದೂ ಒಗ್ಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದವನ್ನು ಸ್ವೀಕರಿಸಬಹುದು. ಅಮೆರಿಕದ ಮಿಸ್ಸೌರಿ ರಾಜ್ಯದ ಕ್ಲೈಡ್ ಎಂಬಲ್ಲಿನ ಬೆನೆಡಿಕ್ಟೈನ್ ಧರ್ಮಭಗಿನಿಯರು ವರ್ಷಗಟ್ಟಲೆ ಶ್ರಮಿಸಿ ಅಂಥ ಅಲ್ಪ ಗ್ಲುಟೆನ್ನಿನ ರೊಟ್ಟಿಯನ್ನು ಸಿದ್ಧಪಡಿಸಿದರು. ನಿಮ್ಮ ಧರ್ಮಕೇಂದ್ರದಲ್ಲಿ ಇಂಥ ಮಗುವಿದ್ದರೆ ಸಂಕೋಚಪಡದೆ ಗುರುಗಳಿಗೆ ಮುಂಚಿತವಾಗಿ ತಿಳಿಸಿ. ಇತರ ರೊಟ್ಟಿಯ ಚೂರು ತಾಗದ ಬೇರೆ ಪಾತ್ರೆಯೂ ಬೇಕಾಗುತ್ತದೆ.

ಕೊನೆಯದಾಗಿ ಪೋಷಕರಿಗೆ ಒಂದು ಮಾತು. ಮಗು ಬೆಳೆಯುತ್ತಿಲ್ಲ, ರಕ್ತಹೀನತೆ ಮಾಯುತ್ತಿಲ್ಲವೆಂದಾದರೆ ಈ ರೋಗದ ಸಾಧ್ಯತೆಯ ಬಗ್ಗೆ ವೈದ್ಯರನ್ನು ಕೇಳಿ. ಆದರೆ ಪರೀಕ್ಷೆಗೆ ಮೊದಲೇ ಗೋಧಿಯನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಇಂಥ ಮಗು ಮನೆಗೆ ಬಂದಾಗ ಸ್ವಲ್ಪ ತಿಂದರೆ ಏನೂ ಆಗದೆಂದು ಯಾರೂ ಒತ್ತಾಯಿಸಬೇಡಿ. ಹಬ್ಬದ ಪಂಕ್ತಿಯಲ್ಲಿ ಯಾವ ಅಡಿಗೆಗೆ ಏನು ಹಾಕಿದೆಯೆಂದು ಆ ತಾಯಿ ಕೇಳಿದರೆ ಬೇಸರಿಸದೆ ಹೇಳಿ. ಹೇಗ್ ನಗರದ ವೈದ್ಯರು ಒಬ್ಬ ತಾಯಿಯ ಮಾತಿಗೆ ಕಿವಿಗೊಟ್ಟದ್ದರಿಂದ ಅಸಂಖ್ಯ ಮಕ್ಕಳು ಬದುಕಿದರು. ನಮ್ಮ ಊರಿನ ತಾಯಂದಿರು ಇಂದು ಕೇಳುತ್ತಿರುವುದು ಅವರ ಭಾಷೆಯಲ್ಲಿ ಬರೆದ ಒಂದು ಸಾಲನ್ನು ಮಾತ್ರ.