ಭದ್ರಾವತಿಯ ಮರದ ಬಟ್ಟಿ: ಇದ್ದಿಲು, ಹೊಗೆ ಮತ್ತು ಕಾಡು

ಉದ್ದ ಸರಪಳಿಯ ಹೈಡ್ರೋಕಾರ್ಬನ್‌ಗಳನ್ನು ಶಾಖದಿಂದ ಒಡೆದು ಹಗುರ ಇಂಧನ ಪಡೆಯುವ ವಿಧಾನಕ್ಕೆ ಅಮೆರಿಕದ ವಿಲಿಯಂ ಬರ್ಟನ್ 1913ರಲ್ಲಿ ಪೇಟೆಂಟ್ ಪಡೆದನು. ಅದೇ ದಶಕದಲ್ಲಿ ಮೈಸೂರು ಸಂಸ್ಥಾನವು ಮರವನ್ನು ಒಡೆಯುವ ಯೋಜನೆಗೆ ಕೈಹಾಕಿತು. ಮರವು ಹೈಡ್ರೋಕಾರ್ಬನ್ ಅಲ್ಲ. ಆದರೆ ಅದರಲ್ಲಿರುವ ಸೆಲ್ಯುಲೋಸ್ ಮತ್ತು ಲಿಗ್ನಿನ್‌ಗಳೂ ಬೃಹದಣುಗಳೇ. ಗಾಳಿಯಿಲ್ಲದೆ ಕಾಯಿಸಿದಾಗ ಅವೂ ಒಡೆಯುತ್ತವೆ.

ಸಂಸ್ಥಾನದಲ್ಲಿ ಕಬ್ಬಿಣದ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಬಾಬಾಬುಡನ್‌ಗಿರಿಯ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರ, ಭದ್ರೆಯ ನೀರು ಹಾಗೂ 1899ರಲ್ಲಿ ತೆರೆದ ಬೀರೂರು–ಶಿವಮೊಗ್ಗ ರೈಲುಮಾರ್ಗ ಕೂಡುವೆಡೆಯಾದ್ದರಿಂದ ಭದ್ರಾವತಿಯು ಕಾರ್ಖಾನೆಯ ನೆಲೆಯಾಯಿತು. ಆ ಊರಿನ ಹಳೆಯ ಹೆಸರು ಬೆಂಕಿಪುರ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ರೂಪುಗೊಂಡ ಈ ಯೋಜನೆಯು 1923ರ ಜನವರಿಯಲ್ಲಿ ಉತ್ಪಾದನೆಯನ್ನಾರಂಭಿಸಿತು.

ಇದ್ದಿಲು ಸುಡುವ ಕಸುಬು ಹಳ್ಳಿಗರಿಗೆ ಹೊಸತಲ್ಲ. ಸೌದೆಯನ್ನು ಒಟ್ಟಿ, ಮಣ್ಣು ಮುಚ್ಚಿ, ಗಾಳಿಯನ್ನು ಬಿಗಿಹಿಡಿದು ಸುಡುವವನಿಗೆ ಬೇಕಾದುದು ಕಮ್ಮಾರನ ಕುಲುಮೆಗೆ ಸಲ್ಲುವ ಇದ್ದಿಲು ಮಾತ್ರ. ಹೊಗೆ ಆಕಾಶದ ಪಾಲು. ಭದ್ರಾವತಿಯ ಬಟ್ಟಿಯಾದರೋ ಆ ಹೊಗೆಯನ್ನೂ ಹಿಡಿದಿಟ್ಟಿತು. ಮುಚ್ಚಿದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ, ಹೊರಬಂದ ಆವಿಯನ್ನು ತಣಿಸಿದಾಗ ಟಾರು, ಮರದ ಮದ್ಯಸಾರವೆನಿಸಿದ ಮೆಥನಾಲ್ ಮತ್ತು ಅಸಿಟಿಕ್ ಆಮ್ಲ ದೊರೆಯುತ್ತಿದ್ದವು. ಆಮ್ಲಕ್ಕೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಸಿಟೇಟ್. ಇದರಿಂದ ಪಡೆಯುವ ಅಸಿಟೋನ್, ಮೊದಲ ಮಹಾಯುದ್ಧದಲ್ಲಿ ಕಾರ್ಡೈಟ್ ಸಿಡಿಮದ್ದಿನ ತಯಾರಿಕೆಗೆ ಬೇಕಾಗಿತ್ತು. ಉಳಿದ ಇದ್ದಿಲು ಊದುಕುಲುಮೆಯಲ್ಲಿ ಉರುವಲಾಗಿಯೂ ಅದಿರಿನ ಆಮ್ಲಜನಕವನ್ನು ಕಳೆಯುವ ವಸ್ತುವಾಗಿಯೂ ಬಳಕೆಯಾಯಿತು.

ಕಾಲವು ಈ ಲೆಕ್ಕಾಚಾರಕ್ಕೆ ಒದಗಿಬರಲಿಲ್ಲ. ಯುದ್ಧ ಮುಗಿದು ಸಿಡಿಮದ್ದಿನ ಬೇಡಿಕೆ ಕುಸಿದಿತ್ತು. ಕಾರ್ಖಾನೆ ಆರಂಭಗೊಂಡ 1923ರಲ್ಲಿಯೇ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆಯು ಲೊಯ್ನಾದಲ್ಲಿ ಅನಿಲಗಳಿಂದ ಮೆಥನಾಲ್ ಸಂಯೋಜಿಸತೊಡಗಿತು. ಮರವನ್ನು ಒಡೆದು ಪಡೆಯುತ್ತಿದ್ದ ವಸ್ತುವನ್ನು ಸಣ್ಣ ಅಣುಗಳ ಜೋಡಣೆಯಿಂದ ಅಗ್ಗವಾಗಿ ಪಡೆಯುವುದು ಸಾಧ್ಯವಾಯಿತು. ಮುಂದಿನ ದಶಕಗಳಲ್ಲಿ ವಿದ್ಯುತ್ ಕುಲುಮೆಗಳೂ ಬಂದವು. 1976ರಲ್ಲಿ ಕಾರ್ಖಾನೆಗೆ ವಿಶ್ವೇಶ್ವರಯ್ಯನವರ ಹೆಸರನ್ನಿಡಲಾಯಿತು.

ಈ ಇತಿಹಾಸವನ್ನು ಕೇವಲ ಯಂತ್ರಗಳ ಹಾಗೂ ಆಡಳಿತಗಾರರ ಚರಿತ್ರೆಯಾಗಿ ಓದಿದರೆ ಮುಖ್ಯ ಸಂಗತಿಯೊಂದು ತಪ್ಪಿಹೋಗುತ್ತದೆ. ಹೊಗೆಯ ಬೆಲೆಯನ್ನು ದೂರದ ಮಾರುಕಟ್ಟೆ ನಿರ್ಧರಿಸಿತು. ಇದ್ದಿಲಿನ ಬೆಲೆಯನ್ನು ಕುಲುಮೆ ನಿರ್ಧರಿಸಿತು. ಎರಡಕ್ಕೂ ತೆತ್ತದ್ದು ಕಾಡು. ಮರ ಕಡಿದವರ, ಸಾಗಿಸಿದವರ, ಬಟ್ಟಿಯ ಮುಂದೆ ದುಡಿದವರ ಅನುಭವಗಳಿಗೆ ಲೆಕ್ಕಪತ್ರಗಳಲ್ಲಿ ಸ್ಥಾನ ದೊರೆಯುವುದು ವಿರಳ. ಅವರ ಮನೆತನಗಳ ನೆನಪುಗಳನ್ನೂ ಕಸುಬಿನ ನುಡಿಗಟ್ಟನ್ನೂ ಸಂಗ್ರಹಿಸದೆ ಬೆಂಕಿಪುರದ ಚರಿತ್ರೆ ಪೂರ್ಣವಾಗಲಾರದು.