ಗಾಳಿಯ ದಾರಿ: ತಗಡೋ, ಗಾಜಿನ ನಾರೋ?

ಹವಾನಿಯಂತ್ರಿತ ಚಿತ್ರಮಂದಿರಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ ಚಾವಣಿಗೆ ತಾಗಿದಂತೆ ಸಾಗುವ ಚೌಕಾಕಾರದ ಕೊಳವೆಗಳನ್ನು ನೀವು ನೋಡಿರಬಹುದು. ಯಂತ್ರದಲ್ಲಿ ತಂಪಾದ ಅಥವಾ ಬಿಸಿಯಾದ ಗಾಳಿಯನ್ನು ಕೋಣೆಗಳಿಗೆ ಹಂಚುವ ಈ ಕೊಳವೆಗಳಿಗೆ ಡಕ್ಟ್ ಎಂದು ಹೆಸರು. ಇವುಗಳನ್ನು ತಗಡಿನಿಂದ ಮಾಡುವುದೋ, ಗಾಜಿನ ನಾರಿನ ಹಲಗೆಯಿಂದ ಮಾಡುವುದೋ ಎಂಬ ವಾದ ಅಮೆರಿಕದಲ್ಲಿ ಹಲವು ದಶಕಗಳಿಂದ ನಡೆದಿದೆ. ಮೇಲ್ನೋಟಕ್ಕೆ ಇದು ಗುತ್ತಿಗೆದಾರರ ಜಗಳ. ಆದರೆ ಇದರೊಳಗೆ ಉಷ್ಣದ ವಹನ, ದ್ರವಗಳ ಹರಿವು, ಧ್ವನಿಶಾಸ್ತ್ರ, ಕೊನೆಗೆ ವೈದ್ಯವಿಜ್ಞಾನವೂ ಸೇರಿಕೊಂಡಿವೆ.

ಕಥೆಯ ಎರಡು ಎಳೆಗಳೂ ಒಂದೇ ಊರಿನಲ್ಲಿ, ಒಂದೇ ವರ್ಷದಲ್ಲಿ ಸಿಗುತ್ತವೆ. ಅಮೆರಿಕದ ಓಹಾಯೋ ರಾಜ್ಯದ ಟೊಲೀಡೊ ನಗರದಲ್ಲಿ 1888ರ ಜನವರಿಯಲ್ಲಿ ತಗಡು ಕೆಲಸಗಾರರು ಸೇರಿ ತಮ್ಮ ರಾಷ್ಟ್ರೀಯ ಸಂಘವನ್ನು ಕಟ್ಟಿದರು. ಅದೇ ವರ್ಷ ಎಡ್ವರ್ಡ್ ಲಿಬ್ಬಿ ಎಂಬ ಉದ್ಯಮಿ ತನ್ನ ಗಾಜಿನ ಕಾರ್ಖಾನೆಯನ್ನು ಅದೇ ಊರಿಗೆ ಸಾಗಿಸಿದ. 1893ರಲ್ಲಿ ಷಿಕಾಗೋದ ವಿಶ್ವ ಪ್ರದರ್ಶನದಲ್ಲಿ ಅವನು ಗಾಜಿನ ಎಳೆಯನ್ನು ರೇಷ್ಮೆಯೊಂದಿಗೆ ನೇಯ್ದು ಮಾಡಿದ ಉಡುಪನ್ನು ಪ್ರದರ್ಶಿಸಿದ. ಜನ ಬೆರಗಾದರು, ಅಷ್ಟೆ. ಮಡಿಸಿದರೆ ಮುರಿಯುವ ಬಟ್ಟೆಯನ್ನು ಉಡುವವರು ಯಾರು? ಗಾಜಿನ ನಾರು ಮುಂದಿನ ನಲವತ್ತು ವರ್ಷ ಬಹುಮಟ್ಟಿಗೆ ಕೌತುಕದ ವಸ್ತುವಾಗಿಯೇ ಉಳಿಯಿತು.

ತಗಡಿಗೆ ಮಾತ್ರ ಕೆಲಸ ಹೆಚ್ಚುತ್ತಲೇ ಹೋಯಿತು. ಉಕ್ಕಿಗೆ ಸತುವನ್ನು ಲೇಪಿಸುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲಿಯೇ ಪೇಟೆಂಟ್ ಪಡೆದಿದ್ದ. ತುಕ್ಕು ಹಿಡಿಯದ ಈ ತಗಡು ಚಳಿ ಪ್ರದೇಶದ ಮನೆಗಳಲ್ಲಿ ನೆಲಮಾಳಿಗೆಯ ಕುಲುಮೆಯಿಂದ ಬಿಸಿಗಾಳಿಯನ್ನು ಮೇಲಕ್ಕೆ ಒಯ್ಯುವ ಕೊಳವೆಯಾಯಿತು. ಮೊದಲು ಬಿಸಿಗಾಳಿ ಹಗುರವಾಗಿ ತಾನಾಗಿಯೇ ಏರುತ್ತಿತ್ತು. ಅದಕ್ಕೆ ದಪ್ಪ ಕೊಳವೆಗಳು ಬೇಕಿದ್ದವು. ವಿದ್ಯುತ್ ಫ್ಯಾನ್ ಬಂದ ಮೇಲೆ ಕೊಳವೆಗಳು ಸಣ್ಣದಾದವು, ಉದ್ದವಾದವು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಗಾಳಿಯ ತೇವಾಂಶವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯನ್ನು ರೂಪಿಸಿದ. ಮುಂದೆ ತಂಪುಗಾಳಿಯೂ ಅದೇ ತಗಡಿನ ದಾರಿ ಹಿಡಿಯಿತು.

ಆದರೆ ತಗಡು ಉಷ್ಣದ ಮಟ್ಟಿಗೆ ಗೋಡೆಯೇ ಅಲ್ಲ. ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಉಕ್ಕಿನ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 50 ವಾಟ್. ಅರ್ಧ ಮಿಲಿಮೀಟರ್ ತಗಡು ಒಡ್ಡುವ ಉಷ್ಣರೋಧವನ್ನು ಈ ಸಂಖ್ಯೆಯಿಂದ ಕಂಡುಹಿಡಿದರೆ ಅದು ಹೆಚ್ಚುಕಡಿಮೆ ಸೊನ್ನೆ. ಇರುವ ಅಲ್ಪಸ್ವಲ್ಪ ರೋಧವೆಲ್ಲ ತಗಡಿನ ಒಳಗೂ ಹೊರಗೂ ಅಂಟಿಕೊಂಡ ತೆಳು ಗಾಳಿಪದರದ್ದು. ಎರಡೂ ಸೇರಿ ಸುಮಾರು 0.18 ಚದರ ಮೀಟರ್-ಕೆಲ್ವಿನ್/ವಾಟ್ ಎಂದು ಹಿಡಿಯೋಣ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಡಕ್ಟುಗಳನ್ನು ಅನೇಕ ವೇಳೆ ಸೂರಿನ ಕೆಳಗಿನ ಅಟ್ಟದಲ್ಲಿ ಹಾಯಿಸುತ್ತಾರೆ. ಅಟ್ಟದಲ್ಲಿ 50 ಡಿಗ್ರಿ, ಕೊಳವೆಯೊಳಗೆ 13 ಡಿಗ್ರಿ ಇದ್ದರೆ ಪ್ರತಿ ಚದರ ಮೀಟರಿಗೆ 200 ವಾಟ್‌ಗೂ ಮೀರಿ ಉಷ್ಣ ಒಳನುಗ್ಗುತ್ತದೆ. ತಂಪು ತಗಡಿನ ಮೇಲೆ ತೇವ ಬೆವರಿನಂತೆ ಹನಿಗಟ್ಟುವುದು ಇನ್ನೊಂದು ಕಾಟ. ಇದಕ್ಕೆ ಹೊದಿಕೆ ಬೇಕೇ ಬೇಕು. ಬಿಸಿಗಾಳಿಯ ಕೊಳವೆಗಳಿಗೆ ಬಹುಕಾಲ ಹೊದಿಸಿದ್ದು ಕಲ್ನಾರನ್ನು. ಅದರ ಪರಿಣಾಮ ಇಂದು ನಮಗೆಲ್ಲ ಗೊತ್ತು.

1932ರಲ್ಲಿ ಓವೆನ್ಸ್-ಇಲಿನಾಯ್ ಕಂಪನಿಯ ಯುವ ಸಂಶೋಧಕ ಡೇಲ್ ಕ್ಲೈಸ್ಟ್ ಗಾಜಿನ ಇಟ್ಟಿಗೆಗಳನ್ನು ಬೆಸೆಯುವ ಪ್ರಯತ್ನದಲ್ಲಿದ್ದಾಗ ಕರಗಿದ ಗಾಜಿನ ಮೇಲೆ ಒತ್ತಡದ ಗಾಳಿ ಬಡಿದು ನವಿರಾದ ನಾರುಗಳು ಹಾರಿದವು. ಆಕಸ್ಮಿಕವೆಂದು ಹೇಳುವುದು ಸುಲಭ. ಹಾರಿದ್ದು ಕಸವಲ್ಲ ಎಂದು ಗುರುತಿಸಿ ಅದನ್ನು ಕಾರ್ಖಾನೆಯ ವಿಧಾನವಾಗಿ ಬೆಳೆಸಿದ್ದು ಗೇಮ್ಸ್ ಸ್ಲೇಟರ್. ಅವನಿಗೆ ಪೇಟೆಂಟ್ ದೊರೆತದ್ದು 1938ರಲ್ಲಿ. ಅದೇ ವರ್ಷ ಓವೆನ್ಸ್-ಕಾರ್ನಿಂಗ್ ಕಂಪನಿ ಹುಟ್ಟಿತು. ಅದರ ಕೇಂದ್ರವೂ ಟೊಲೀಡೊ. ಗಾಜಿನ ಉಣ್ಣೆಯ ಆರಂಭದ ಬಳಕೆಗಳಲ್ಲಿ ಒಂದು, ಕುಲುಮೆಗೆ ಹೋಗುವ ಗಾಳಿಯ ಧೂಳನ್ನು ಸೋಸುವುದು. ಅಂದರೆ ತಗಡಿನ ಮನೆಗೆ ಗಾಜಿನ ನಾರು ಮೊದಲು ಬಂದದ್ದು ಜರಡಿಯಾಗಿ.

ಗಾಜು ಒಳ್ಳೆಯ ಉಷ್ಣ ನಿರೋಧಕವೇನೂ ಅಲ್ಲ. ನಾರುಗಳ ನಡುವೆ ಸಿಕ್ಕಿಬಿದ್ದು ಚಲಿಸಲಾರದ ಗಾಳಿ ನಿರೋಧಕ. ಗಾಜಿನ ವಾಹಕತೆ ಸುಮಾರು 1, ನಿಶ್ಚಲ ಗಾಳಿಯದು 0.026, ಗಾಜಿನ ಉಣ್ಣೆಯದು 0.035ರ ಆಸುಪಾಸು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಈ ಉಣ್ಣೆಯನ್ನು ರಾಳದಿಂದ ಅಂಟಿಸಿ, ಒತ್ತಿ, ಹೊರಮೈಗೆ ಅಲ್ಯುಮಿನಿಯಮ್ ಹಾಳೆ ಹಚ್ಚಿ ಗಟ್ಟಿ ಹಲಗೆಯಾಗಿ ಮಾರತೊಡಗಿದರು. ಇದೇ ಡಕ್ಟ್ ಬೋರ್ಡ್. ತಗಡಿಗೆ ಕತ್ತರಿಸುವ, ಮಡಿಸುವ ಯಂತ್ರಗಳೂ ಪಳಗಿದ ಕೈಯೂ ಬೇಕು. ಹಲಗೆಗೆ ಚಾಕು ಸಾಕು: ಮೂರು ಗಾಡಿ ಕೊರೆದು, ಮಡಚಿ, ಅಂಚಿಗೆ ಟೇಪು ಹಚ್ಚಿದರೆ ಪೆಟ್ಟಿಗೆ ಸಿದ್ಧ. ಮೇಲಿನ ಲೆಕ್ಕದಲ್ಲಿ ತಗಡಿನ ಬದಲು 25 ಮಿಲಿಮೀಟರ್ ಹಲಗೆಯನ್ನು ಇಟ್ಟರೆ 200 ವಾಟ್ 40ಕ್ಕೆ ಇಳಿಯುತ್ತದೆ. ಸದ್ದೂ ಅಡಗುತ್ತದೆ: ನಾರುಗಳ ಸಂದಿಯಲ್ಲಿ ಕಂಪಿಸುವ ಗಾಳಿಯ ಶಕ್ತಿ ಸ್ನಿಗ್ಧತೆಯಿಂದಾಗಿ ಉಷ್ಣವಾಗಿ ಕರಗುತ್ತದೆ. ತಗಡಾದರೋ ಫ್ಯಾನಿನ ಗುಂಯ್ ಎಂಬ ನಾದವನ್ನು ಕೋಣೆಗೆ ತಲುಪಿಸುವುದಲ್ಲದೆ, ಬಿಸಿಯಾದಾಗಲೂ ಆರಿದಾಗಲೂ ತಾನೇ ಢಬ್ ಎನ್ನುತ್ತದೆ.

ತಗಡಿನ ಪಕ್ಷದವರ ಬಳಿಯೂ ಗಟ್ಟಿ ವಾದಗಳಿದ್ದವು. ನಾರಿನ ಒಳಮೈ ಒರಟು. ಎಂಜಿನಿಯರುಗಳ ಕೋಷ್ಟಕಗಳಲ್ಲಿ ಸತುಲೇಪಿತ ತಗಡಿನ ಒರಟುತನ 0.09 ಮಿಲಿಮೀಟರ್, ಹಲಗೆಯದು ಅದರ ಹತ್ತರಷ್ಟು. ಹಾಗಾಗಿ ಫ್ಯಾನಿಗೆ ಹೆಚ್ಚು ದುಡಿಮೆ. ಹಲಗೆ ಹೆಚ್ಚಿನ ಒತ್ತಡಕ್ಕಾಗಲಿ, ಅಡುಗೆಮನೆಯ ಜಿಡ್ಡಿನ ಹೊಗೆಗಾಗಲಿ ಆಗದು. ಒಮ್ಮೆ ನೆನೆದು ಬೂಷ್ಟು ಹಿಡಿಯಿತೆಂದರೆ ತೊಳೆಯುವಂತಿಲ್ಲ, ತೆಗೆದುಹಾಕಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆಯೂ ಇದೇ. ಒಳಮೈ ನಯವಾದ ತಗಡನ್ನು ಉಜ್ಜಿ ಶುಚಿಮಾಡಬಹುದು. ನನ್ನ ತಕ್ಕಡಿಯಲ್ಲಿ ತಗಡಿನ ಪರವಾಗಿ ಎಲ್ಲಕ್ಕಿಂತ ಹೆಚ್ಚು ತೂಗುವುದು ಈ ಒಂದು ಗುಣ.

ಆದರೆ ಜನರನ್ನು ಹೆಚ್ಚು ಹೆದರಿಸಿದ್ದು ಬೂಷ್ಟಲ್ಲ, ಕ್ಯಾನ್ಸರ್. ಕಲ್ನಾರಿನ ಕಥೆ ಬಯಲಾದ ಮೇಲೆ ಗಾಜಿನ ನಾರಿನ ಮೇಲೂ ಶಂಕೆ ಬಂದದ್ದು ಸಹಜವೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1987ರಲ್ಲಿ ಗಾಜಿನ ಉಣ್ಣೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕವಾಗಿರಬಹುದು' ಎಂಬ 2ಬಿ ಗುಂಪಿಗೆ ಸೇರಿಸಿತು. ಮುಂದಿನ ಸಂಶೋಧನೆಗಳು ಎರಡರ ವ್ಯತ್ಯಾಸವನ್ನು ತೋರಿಸಿದವು. ಕಲ್ನಾರು ಉದ್ದಕ್ಕೆ ಸೀಳಿ ಇನ್ನಷ್ಟು ತೆಳ್ಳಗಾಗುತ್ತದೆ, ಶ್ವಾಸಕೋಶದಲ್ಲಿ ದಶಕಗಟ್ಟಲೆ ಉಳಿಯುತ್ತದೆ. ನಿರೋಧಕ ಉಣ್ಣೆಯ ಗಾಜು ಅಡ್ಡಕ್ಕೆ ತುಂಡಾಗುತ್ತದೆ, ದೇಹದ ದ್ರವದಲ್ಲಿ ಕರಗುತ್ತದೆ, ತುಂಡುಗಳನ್ನು ರಕ್ಷಕ ಕೋಶಗಳು ನುಂಗಿಬಿಡುತ್ತವೆ. 2001ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆ ನಿರೋಧಕ ಗಾಜಿನ ಉಣ್ಣೆಯನ್ನು ಮೂರನೆಯ ಗುಂಪಿಗೆ, ಎಂದರೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗದ ವಸ್ತುಗಳ ಸಾಲಿಗೆ, ಇಳಿಸಿತು. ಕೆಲವು ವಿಶೇಷ ಬಳಕೆಯ, ದೇಹದಲ್ಲಿ ಬೇಗ ಕರಗದ ಗಾಜಿನ ನಾರುಗಳು ಮಾತ್ರ 2ಬಿಯಲ್ಲಿಯೇ ಉಳಿದವು. ಕೆಲಸಗಾರನ ಚರ್ಮದ ತುರಿಕೆ, ಗಂಟಲ ಕೆರೆತ ನಿಜವೇ. ಮುಖವಾಡ, ಕೈಗವಸು ಬೇಕು.

ಹೀಗೆ ಹಲಗೆ-ತಗಡುಗಳ ಗುಣದೋಷ ಎಣಿಸುತ್ತಿದ್ದವರು ಒಂದನ್ನು ಬಹುಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ಕೀಲು. 1973ರ ತೈಲ ಬಿಕ್ಕಟ್ಟಿನ ನಂತರ ಶಕ್ತಿಯ ಪೋಲನ್ನು ಅಳೆಯತೊಡಗಿದಾಗ, ಕೊಳವೆಗಳ ಗೋಡೆಯಷ್ಟೇ ಅಲ್ಲ, ಜೋಡಣೆಗಳೂ ಸೋರುವುದು ಕಂಡುಬಂದಿತು. ಸಾಧಾರಣ ಅಮೆರಿಕನ್ ಮನೆಯಲ್ಲಿ ಡಕ್ಟುಗಳಲ್ಲಿ ಹರಿಯುವ ಗಾಳಿಯ ಶೇಕಡ 20ರಿಂದ 30ರಷ್ಟು ಸಂದುಗಳಲ್ಲೇ ಕಳೆದುಹೋಗುತ್ತದೆಂದು ಅಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮ ಹೇಳುತ್ತದೆ. ಕೀಲು ಸೋರಿದರೆ 25 ಮಿಲಿಮೀಟರ್ ಹಲಗೆ ಉಳಿಸಿಕೊಟ್ಟ ವಾಟುಗಳು ಅಟ್ಟದ ಪಾಲು.

1998ರಲ್ಲಿ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್ ಮತ್ತು ಇಯಾನ್ ವಾಕರ್ ಕೀಲುಗಳನ್ನು ಬಗೆಬಗೆಯ ಟೇಪು, ಅಂಟುಗಳಿಂದ ಮುಚ್ಚಿ, ಬಿಸಿ-ತಂಪು ಗಾಳಿಯನ್ನು ಸರದಿಯ ಮೇಲೆ ಹಾಯಿಸಿ ಪರೀಕ್ಷಿಸಿದರು. ಬೇರೆಯವು ಬಹುತೇಕ ತಾಳಿಕೊಂಡವು. ಬಟ್ಟೆಯ ಬೆನ್ನಿನ, ರಬ್ಬರ್ ಅಂಟಿನ 'ಡಕ್ಟ್ ಟೇಪ್' ಮಾತ್ರ ಮತ್ತೆ ಮತ್ತೆ ಸೋತಿತು. ಹೆಸರಿನಲ್ಲಿಯೇ ಡಕ್ಟ್ ಇರುವ ಟೇಪು ಡಕ್ಟಿಗೇ ಒದಗಲಿಲ್ಲ! ಈಗ ಕ್ಯಾಲಿಫೋರ್ನಿಯದ ಕಟ್ಟಡ ನಿಯಮಗಳಲ್ಲಿ ಅದೊಂದನ್ನೇ ನಂಬಿ ಕೀಲು ಮುಚ್ಚುವಂತಿಲ್ಲ. ಬ್ರಷ್ಷಿನಿಂದ ಬಳಿಯುವ ಮ್ಯಾಸ್ಟಿಕ್ ಎಂಬ ಅಂಟು ಮತ್ತು ಬಿಗಿಯುವ ಪಟ್ಟಿ ಜೊತೆಗಿರಬೇಕು. ಹಲಗೆಯ ಕೀಲುಗಳಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗಿ 'ಯುಎಲ್ 181ಎ' ಗುರುತು ಪಡೆದ ಟೇಪುಗಳೇ ಬೇರೆ ಇವೆ. ತಗಡಿನ ಗುತ್ತಿಗೆದಾರರ ಸಂಘವಾದ ಸ್ಮಾಕ್ನಾ ತಗಡಿನ ಡಕ್ಟುಗಳಿಗೆ ಮಾತ್ರವಲ್ಲ, ಗಾಜಿನ ನಾರಿನ ಡಕ್ಟುಗಳನ್ನು ಕಟ್ಟುವುದಕ್ಕೂ ಮಾನಕ ಗ್ರಂಥವನ್ನು ಪ್ರಕಟಿಸಿದೆ.